ಗುಡ್ಡದಿಂದ ಎರೆಹೊಲಕ್ಕೆ ಇಳಿದ ಫ್ಯಾನುಗಳು

ಹಿರಿಯರೇ, ವಿದ್ಯಾರ್ಥಿ ಮಿತ್ರರೇ,

ಇಲ್ಲಿಗೆ ಬರುವಾಗ ಬಸ್ಸಿನ ಕಿಟಕಿಯಿಂದ ಎಣಿಸುತ್ತ ಬಂದೆ. ಐವತ್ತು ದಾಟಿದ ಮೇಲೆ ಲೆಕ್ಕ ತಪ್ಪಿತು. ಗದಗ ಜಿಲ್ಲೆಯಲ್ಲಿ ಇವನ್ನು ಯಾರೂ ಪವನ ವಿದ್ಯುತ್ ಯಂತ್ರ ಅನ್ನುವುದಿಲ್ಲ, ಫ್ಯಾನ್ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಫ್ಯಾನಿನ ವಿರೋಧಿ ಅಲ್ಲ. ಕಲ್ಲಿದ್ದಲು ಸುಡುವ ಊರುಗಳ ಜನ ಹಾರುಬೂದಿ ನುಂಗಿ ಬದುಕುವುದನ್ನು ಕಂಡವರು ಯಾರೂ ಗಾಳಿಯ ಕರೆಂಟು ಬೇಡ ಅನ್ನಲಾರರು. ರಾಜ್ಯದಲ್ಲಿ ಗಾಳಿ ವಿದ್ಯುತ್ತಿನ ಸಾಮರ್ಥ್ಯ 6,000 ಮೆಗಾವಾಟ್ ದಾಟಿದೆ. ಅದು ಇನ್ನೂ ಬೆಳೆಯಬೇಕು. ನನ್ನ ತಕರಾರು ಒಂದೇ: ಫ್ಯಾನ್ ಬರುವ ಮುಂಚೆ ಊರನ್ನು ಕೂಡಿಸಿ ಕೇಳುವ ಹಂತವೇ ಇಲ್ಲ.

ಇದು ಹೇಗಾಯಿತು ಅನ್ನುವುದಕ್ಕೆ ಗಾಳಿಯ ಲೆಕ್ಕ ಸ್ವಲ್ಪ ತಿಳಿದಿರಬೇಕು. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ. ಅದಕ್ಕೇ ಮೊದಲ ಕಾಲದ ಗಿಡ್ಡ ಫ್ಯಾನುಗಳು ಗುಡ್ಡದ ನೆತ್ತಿಯನ್ನೇ ಹುಡುಕಿಕೊಂಡು ಹೋದವು. ನಮ್ಮ ಕಪ್ಪತಗುಡ್ಡ, ಚಿತ್ರದುರ್ಗದ ಬೆಟ್ಟಸಾಲು ಹಾಗೆ ಅವುಗಳ ಪಾಲಾದವು. ಕಪ್ಪತಗುಡ್ಡ ಅಂದರೆ ಔಷಧಿ ಸಸ್ಯಗಳ ಕಣಜ. ಚಿನ್ನದ ಗಣಿಗಾರಿಕೆಯ ವಿರುದ್ಧ ಈ ನಾಡು ಎದ್ದು ನಿಂತು, ತೋಂಟದ ಸಿದ್ಧಲಿಂಗ ಸ್ವಾಮೀಜಿಯವರು ಮುಂದೆ ನಿಂತು ಉಳಿಸಿಕೊಂಡ ಗುಡ್ಡ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಣಿಗೆ ಬೇಡ ಅಂದ ಅದೇ ಗುಡ್ಡದಲ್ಲಿ ಫ್ಯಾನಿಗೆ ಕಡಿದ ರಸ್ತೆಗಳು ಈಗಲೂ ಬರಿಗಣ್ಣಿಗೆ ಕಾಣುತ್ತವೆ. ಗುಡ್ಡಕ್ಕೆ ಆಗುವ ಗಾಯದಲ್ಲಿ ಕಂಬದ ಬುಡಕ್ಕಿಂತ ಈ ರಸ್ತೆಗಳ ಪಾಲೇ ದೊಡ್ಡದು.

ಆಮೇಲೆ ಕಂಬ ಎತ್ತರವಾಯಿತು. ನೂರು ಮೀಟರ್ ಮೀರಿದ ಎತ್ತರದಲ್ಲಿ ಬಯಲು ಸೀಮೆಯಲ್ಲೂ ಒಳ್ಳೆಯ ಗಾಳಿ ಸಿಗುತ್ತದೆ. ಫ್ಯಾನ್ ಗುಡ್ಡ ಇಳಿದು ಎರೆಹೊಲಕ್ಕೆ ಬಂತು. ಅರಣ್ಯ ಭೂಮಿಗಾದರೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕು. ಹೊಲಕ್ಕೆ ಒಬ್ಬ ರೈತನ ಸಹಿ ಸಾಕು.

ಆ ಸಹಿಯ ಕತೆ ಹೇಳುತ್ತೇನೆ. ಹೋದ ವರ್ಷ ಪಕ್ಕದ ಊರಿನ ಹಿರಿಯರೊಬ್ಬರು ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ಸುತ್ತಿಕೊಂಡು ನಮ್ಮ ಮನೆಗೆ ಬಂದರು. "ಸರ, ಇದರಾಗ ಏನ್ ಬರದಾರ ಒಂಚೂರು ಓದಿ ಹೇಳ್ರಿ" ಅಂದರು. ಮೂವತ್ತು ವರ್ಷದ ಲೀಸು, ಪೂರ್ತಿ ಇಂಗ್ಲಿಷಿನಲ್ಲಿ. ಸಹಿ ಆಗಿ ಎಂಟು ತಿಂಗಳಾಗಿತ್ತು. ಕಂಪನಿ ತನ್ನ ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬಹುದು ಅಂತ ಇತ್ತು. ತಕರಾರು ಬಂದರೆ ದೂರದ ಮಹಾನಗರದಲ್ಲಿ ಮಧ್ಯಸ್ಥರ ಮುಂದೆ ತೀರ್ಮಾನ ಅಂತಲೂ ಇತ್ತು. ಮೂವತ್ತು ವರ್ಷದ ನಂತರ ಮಣ್ಣೊಳಗಿನ ಕಾಂಕ್ರೀಟನ್ನು ಯಾರು ತೆಗೆಯಬೇಕು ಅನ್ನುವ ಬಗ್ಗೆ ಒಂದು ಸಾಲೂ ಇರಲಿಲ್ಲ. ಒಂದು ಫ್ಯಾನಿನ ಬುಡಕ್ಕೆ ನೂರಾರು ಘನ ಮೀಟರ್ ಕಾಂಕ್ರೀಟ್ ಇಳಿಯುತ್ತದೆ. ಅವರ ಮೊಮ್ಮಗ ಆ ಹೊಲ ಊಳುವಾಗ ನೇಗಿಲಿಗೆ ಸಿಗುವುದು ಅದೇ. ಓದಿ ಮುಗಿಸಿದಾಗ ಅವರು ಏನೂ ಅನ್ನಲಿಲ್ಲ, ಕಾಗದ ಮಡಚಿ ಮತ್ತೆ ಚೀಲಕ್ಕೆ ಹಾಕಿಕೊಂಡರು.

ಅವರಿಗೆ ಬಾಡಿಗೆಯಾದರೂ ಬರುತ್ತದೆ. ಬಾಜೂ ಹೊಲದವರಿಗೆ ಅದೂ ಇಲ್ಲ. ನನ್ನ ತಮ್ಮನ ಹೊಲದ ಮೇಲ್ಗಡೆ ಕ್ರೇನು, ಟ್ರೇಲರು ಬರಲೆಂದು ಗರಸು ಹಾಕಿ ಎರಡು ಅಡಿ ಎತ್ತರದ ರಸ್ತೆ ಮಾಡಿದರು. ಎರೆಹೊಲ ಕಣ್ಣಿಗೆ ಸಮತಟ್ಟಾಗಿ ಕಂಡರೂ ಮಳೆನೀರಿಗೆ ಅದರ ಇಳಿಜಾರು ಗೊತ್ತಿರುತ್ತದೆ. ಅಜ್ಜನ ಕಾಲದಿಂದ ಒಡ್ಡಿನ ಮೂಲೆಯಲ್ಲಿ ಹೊರಬೀಳುತ್ತಿದ್ದ ನೀರಿಗೆ ಆ ರಸ್ತೆ ಅಡ್ಡವಾಯಿತು. ಮೇಲಿನ ಹೊಲದಲ್ಲಿ ನೀರು ನಿಂತು ಹೆಸರಿನ ಬೆಳೆ ಕೊಳೆಯಿತು. ನೀರು ಕೊನೆಗೆ ರಸ್ತೆ ಒಡೆದುಕೊಂಡು ಬಂದಾಗ ತಮ್ಮನ ಒಡ್ಡು ಕಿತ್ತುಹೋಗಿ ಮೇಲ್ಮಣ್ಣು ಹಳ್ಳ ಸೇರಿತು. ರಸ್ತೆಯಡಿ ಎರಡು ಸಿಮೆಂಟು ಪೈಪು ಹಾಕಿದ್ದರೆ ಸಾಕಿತ್ತು. ಕೇಳಲು ಹೋದರೆ ಗುತ್ತಿಗೆದಾರ ಉಪಗುತ್ತಿಗೆದಾರನನ್ನು ತೋರಿಸಿದ, ಅವನು ಕೆಲಸ ಮುಗಿಸಿ ಬೇರೆ ಜಿಲ್ಲೆಗೆ ಹೋಗಿದ್ದ.

ಇಂಥವನ್ನು ಮುಂಚೆಯೇ ಹೇಳಿಕೊಳ್ಳುವ ಜಾಗ ಎಲ್ಲಿದೆ? ದೊಡ್ಡ ಗಣಿ, ದೊಡ್ಡ ಶಾಖೋತ್ಪನ್ನ ಸ್ಥಾವರ ಬರುವುದಾದರೆ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಅಧ್ಯಯನ ಆಗಬೇಕು, ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಆ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲವೇ ಇಲ್ಲ. ಹೊಗೆ ಇಲ್ಲ, ಆದ್ದರಿಂದ ಹಾನಿಯೂ ಇಲ್ಲ ಎಂಬ ನಂಬಿಕೆ ಅದರ ಹಿಂದಿದೆ. ಕೇಂದ್ರದ 2016ರ ಮಾರ್ಗಸೂಚಿ ವಾಸದ ಮನೆಯಿಂದ 500 ಮೀಟರ್ ಒಳಗೆ ಫ್ಯಾನ್ ನಿಲ್ಲಿಸಬಾರದು ಅನ್ನುತ್ತದೆ. ಕಾರಣ ಸದ್ದು. ಆಷಾಢದ ರಾತ್ರಿ ಹೊಲದ ಮನೆಯಲ್ಲಿ ಮಲಗಿದವರಿಗೆ ಆ ಸದ್ದು ಏನೆಂದು ಗೊತ್ತು: ರೆಕ್ಕೆ ಕೆಳಗಿಳಿದಾಗಲೆಲ್ಲ ಒಂದು ಉಸಿರು, ಬೆಳಗಿನ ತನಕ. ಹೊಲದ ಮನೆಗೆ ಪಂಚಾಯ್ತಿಯಲ್ಲಿ ದಾಖಲೆ ಇಲ್ಲದಿದ್ದರೆ ಅದನ್ನು ಮನೆ ಅಂತ ಲೆಕ್ಕ ಹಿಡಿಯುವವರು ಯಾರು?

ಕರೆಂಟು ಸಾಗಿಸುವ ತಂತಿಯದು ಇನ್ನೊಂದು ಗೋಳು. ತಂತಿಯ ಗೋಪುರ ನಿಲ್ಲುವ ಜಾಗಕ್ಕೆ ಭೂಮಿ ಬೆಲೆಯ 85 ಪ್ರತಿಶತ ಪರಿಹಾರ ಎಂದಿದ್ದ 2015ರ ಕೇಂದ್ರ ಮಾರ್ಗಸೂಚಿ, 2024ರಲ್ಲಿ 200 ಪ್ರತಿಶತಕ್ಕೆ ಏರಿತು. ಒಳ್ಳೆಯದೇ. ಆದರೆ ಫ್ಯಾನಿನ ಹೊಲಕ್ಕೆ ವರ್ಷವರ್ಷ ಬಾಡಿಗೆ, ಗೋಪುರದ ಹೊಲಕ್ಕೆ ಒಮ್ಮೆ ಕೊಟ್ಟರೆ ಮುಗಿಯಿತು. ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋಗಲು ಇಷ್ಟು ಸಾಕು.

ಹಕ್ಕಿಗಳ ಮಾತೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದ ಸಾತಾರಾ ಹತ್ತಿರದ ಚಾಳಕೇವಾಡಿಯ ಪ್ರಸ್ಥಭೂಮಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಫ್ಯಾನಿಲ್ಲದ ಕಡೆಗೆ ಹೋಲಿಸಿದರೆ ಫ್ಯಾನಿದ್ದ ಕಡೆ ಬೇಟೆಹಕ್ಕಿಗಳು ಸುಮಾರು ನಾಲ್ಕರಲ್ಲಿ ಒಂದು ಪಾಲು ಮಾತ್ರ ಇದ್ದವು. ಹಿಡಿದು ತಿನ್ನುವವರು ಕಡಿಮೆಯಾದದ್ದಕ್ಕೆ ಹಲ್ಲಿ ಜಾತಿಯ ಪ್ರಾಣಿಗಳು ಹೆಚ್ಚಿದ್ದವು, ಮನುಷ್ಯ ಹತ್ತಿರ ಹೋದರೂ ಬೇಗ ಓಡುತ್ತಿರಲಿಲ್ಲ. ನಮ್ಮ ಹೊಲಗಳಲ್ಲಿ ಗಿಡುಗ ತಿನ್ನುವುದು ಇಲಿಯನ್ನು. ಅದು ದೂರವಾದರೆ ಕಡಲೆಗೆ ಏನಾಗುತ್ತದೆ ಅನ್ನುವುದನ್ನು ಈ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮಕ್ಕಳು ಕೈಗೆತ್ತಿಕೊಳ್ಳಬೇಕು, ಇದು ನನ್ನ ಕಳಕಳಿಯ ಕೋರಿಕೆ.

ನಾವು ಕೇಳುತ್ತಿರುವುದು ಇಷ್ಟು. ಸಹಿಗೆ ಮುಂಚೆ ಗ್ರಾಮಸಭೆಯಲ್ಲಿ ನಕಾಶೆ ಹರವಬೇಕು, ರಸ್ತೆ ಎಲ್ಲಿ, ನೀರು ಎತ್ತ ಅನ್ನುವುದು ಅದರಲ್ಲಿ ಕಾಣಬೇಕು. ಒಪ್ಪಂದ ಕನ್ನಡದಲ್ಲಿರಬೇಕು. ಫ್ಯಾನ್ ಕಿತ್ತು ಕಾಂಕ್ರೀಟ್ ತೆಗೆಯುವ ಖರ್ಚನ್ನು ಮೊದಲೇ ಠೇವಣಿ ಇಡಬೇಕು.

ಬರುವಾಗ ಒಪ್ಪಂದದ ಪ್ರತಿ ತನ್ನಿರಿ ಅಂತ ಹೇಳಿ ಕಳಿಸಿದ್ದೆ. ತಂದವರು ಮುಂದಿನ ಸಾಲಿಗೆ ಬನ್ನಿ. ವಕೀಲರಾಗಿರುವ ಇಬ್ಬರು ತಂಗಿಯಂದಿರು ಇಲ್ಲಿ ಕೂತಿದ್ದಾರೆ. ಊಟದ ತನಕ ಒಂದೊಂದೇ ಕಾಗದ ಓದೋಣ.