ಜಾರುವ ಶ್ರುತಿ

ಕೇಳುಗರಿಗೆ ನಮಸ್ಕಾರ.

ಉಡುಪಿ ಹತ್ತಿರದ ನಮ್ಮ ಹಂಚಿನ ಮನೆಗೆ ಟಿವಿ ಬಂದದ್ದು 1980ರ ದಶಕದ ಕೊನೆಗೆ. ಮಳೆಗಾಲದ ಗಾಳಿಗೆ ಆಂಟೆನಾ ತಿರುಗಿಬಿಡುತ್ತಿತ್ತು. ಅಣ್ಣ ಅಂಗಳದಲ್ಲಿ ಕಂಬ ತಿರುಗಿಸುತ್ತಾ "ಬಂತಾ?" ಅಂತ ಕೂಗುತ್ತಿದ್ದ. "ಇಲ್ಲ ಮಾರಾಯ, ಇನ್ನೂ ಸ್ವಲ್ಪ ಆಚೆ!" ಚಿತ್ರ ಮೂಡುವ ಮೊದಲೇ ಧಾರಾವಾಹಿಯ ಸಂಗೀತ ಕೇಳುತ್ತಿತ್ತು.

ಮೊನ್ನೆ ಅಣ್ಣನ ಮಗಳು ಮೊಬೈಲಿನಲ್ಲಿ ಸ್ಟ್ರೇಂಜರ್ ಥಿಂಗ್ಸ್ ಹಾಕಿದಳು. 2016ರಲ್ಲಿ ಶುರುವಾದ ಅಮೆರಿಕದ ಸರಣಿ. ಕಥೆ ಮಾತ್ರ 1980ರ ದಶಕದ್ದು. ಕೈಲ್ ಡಿಕ್ಸನ್, ಮೈಕಲ್ ಸ್ಟೀನ್ ಸಿಂಥಸೈಜರಿನಲ್ಲಿ, ಅಂದರೆ ವಿದ್ಯುತ್ತಿನಿಂದ ಸ್ವರ ಹುಟ್ಟಿಸುವ ವಾದ್ಯದಲ್ಲಿ, ಮಾಡಿದ ಆರಂಭದ ಸಂಗೀತ ಕೇಳಿ ನಾನು ಅಡುಗೆಮನೆಯಿಂದ ಎದ್ದು ಬಂದೆ. ಅಮೆರಿಕ ನಾನು ಕಂಡದ್ದಿಲ್ಲ. ಕಣ್ಣ ಮುಂದೆ ಬಂದದ್ದು ನಮ್ಮ ಅಂಗಳ!

ಕಾರಣ ಆ ವಾದ್ಯದ ಒಳಗೇ ಇದೆ ಅನ್ನಿಸುತ್ತದೆ. ಹಳೆಯ ಅನಲಾಗ್, ಅಂದರೆ ಡಿಜಿಟಲ್ ಅಲ್ಲದ, ಸಿಂಥಸೈಜರಿನಲ್ಲಿ ಸ್ವರ ಹುಟ್ಟುವುದು ಆಸಿಲೇಟರ್ ಎಂಬ ಸರ್ಕ್ಯೂಟಿನಲ್ಲಿ. ಬಿಸಿಯಾದರೆ ಅದರ ಶ್ರುತಿ ಜಾರುತ್ತದೆ. 1978ರ ಪ್ರಾಫೆಟ್-5 ಎಂಬ ಸಿಂಥಸೈಜರಿನಲ್ಲಿ ಅಂಥ ಆಸಿಲೇಟರುಗಳು 10 ಇದ್ದವು. ಶ್ರುತಿ ಸರಿಮಾಡಲೆಂದೇ ಒಂದು ಗುಂಡಿ ಇಟ್ಟಿದ್ದರು. ಯಕ್ಷಗಾನ ನೋಡುವ ನಮಗೆ ಇದು ಹೊಸತಲ್ಲ, ಅಲ್ವಾ? ರಾತ್ರಿಯ ಥಂಡಿಗೆ ಮದ್ದಳೆಯ ಶ್ರುತಿಯೂ ಇಳಿಯುತ್ತದೆ.

ಎರಡು ಆಸಿಲೇಟರುಗಳು ಒಂದೇ ಸ್ವರ ಹಿಡಿದರೂ ಕೂದಲೆಳೆಯಷ್ಟು ವ್ಯತ್ಯಾಸ ಉಳಿಯುತ್ತದೆ. ಅದರಿಂದಲೇ ನಾದ ಅಲೆಯ ಹಾಗೆ ಏರಿಳಿಯುತ್ತದೆ. ಫಿಲ್ಟರ್ ಎಂಬುದು ಚೂಪು ಧ್ವನಿಯನ್ನು ತೆಗೆದು ಹಾಕುತ್ತದೆ. ಆಗ ಗೋಡೆಯಾಚೆ ಯಾರೋ ನುಡಿಸಿದ ಹಾಗೆ ಮೆತ್ತಗೆ ಕೇಳುತ್ತದೆ. ನಮಗೆ ಟಿವಿ ಬರುವ ಮೊದಲು ಪಕ್ಕದ ಮನೆಯ ಟಿವಿ ಹಾಗೇ ಕೇಳುತ್ತಿತ್ತು. 1983ರಲ್ಲಿ ಯಮಹಾದ ಡಿಎಕ್ಸ್7 ಬಂತು. ಡಿಜಿಟಲ್ ವಾದ್ಯ, ಶ್ರುತಿ ಕದಲುವುದಿಲ್ಲ. ಅದರ ಗಂಟೆಯಂಥ ನಾದವೂ ಆ ಕಾಲದ್ದೇ. ಆದರೂ ನನ್ನನ್ನು ಅಷ್ಟು ಹಿಡಿಯುವುದಿಲ್ಲ.

ಆದರೆ ಹುಡುಗಿ ಹುಟ್ಟಿದ್ದು 2006ರಲ್ಲಿ. "ಅತ್ತೆ, ನಾನು ನೋಡದೇ ಇದ್ದದ್ದು ನೆನಪಾದ ಹಾಗೆ ಆಗ್ತದೆ" ಅಂದಳು. ಆ ಮಾತು ನನ್ನನ್ನು ಬಿಟ್ಟಿಲ್ಲ. 1980ರ ದಶಕದಲ್ಲಿ ನಮಗೆ ಸಿಂಥಸೈಜರಿನ ನಾದ ಅಂದರೆ ನಾಳೆಯ ಸದ್ದು. ರೋಬೋಟ್, ಕಂಪ್ಯೂಟರ್, ಆಕಾಶನೌಕೆ ತೋರಿಸುವಾಗ ಇಂಥ ಸಂಗೀತವನ್ನೇ ಹಾಕುತ್ತಿದ್ದರು. ನಾವು ಆಸೆಯಿಂದ ಕಾದ ಆ ನಾಳೆ ಅವಳಿಗೂ ಕೇಳಿಸುತ್ತಿದೆಯೋ ಏನೋ.

ಊರಿನ ಆರ್ಕೆಸ್ಟ್ರಾದವರಲ್ಲಿ ಒಂದು ವಿನಂತಿ. ಅಟ್ಟದಲ್ಲಿ ಹಳೆಯ ಅನಲಾಗ್ ಕೀಬೋರ್ಡ್ ಇದ್ದರೆ ಸುಮ್ನೆ ಗುಜರಿಗೆ ಕೊಡಬೇಡಿ. ನಮ್ಮ ಕಡಲ ಗಾಳಿಗೆ ತುಕ್ಕು ಜಾಸ್ತಿ. ಗೊತ್ತಿದ್ದವರಿಂದ ಒಮ್ಮೆ ಶುಚಿ ಮಾಡಿಸಿ. ಆಮೇಲೆ ಒಂದೇ ಸ್ವರ ಒತ್ತಿ ಹಿಡಿದು, ಮಕ್ಕಳನ್ನೂ ಕೂರಿಸಿಕೊಂಡು ಕೇಳಿ.