ಕೋಡಿಯ ಮೇಲೆ ಒಂದು ಗೇಣು ನೀರು

ಕೇಳುಗರಿಗೆ ನಮಸ್ಕಾರ.

ಮಳೆ ಹಿಡಿದ ವರ್ಷ ಕೆರೆ ಕೋಡಿ ಬಿದ್ದಿತೆಂದರೆ ಊರಿಗೆ ಹಬ್ಬ. 2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆಯ ವಾಣಿವಿಲಾಸ ಸಾಗರ ಕೋಡಿ ಹರಿಯಿತು. ಅದಕ್ಕೆ ಮೊದಲು ಹರಿದದ್ದು 1933ರಲ್ಲಿ. ಇಂಥ ದಿನ ಎಷ್ಟು ನೀರು ಹೋಗುತ್ತಿದೆ ಎಂದು ಕೇಳಿ ನೋಡಿ. "ಒಂದು ಗೇಣು" ಎನ್ನುತ್ತಾರೆ. ಆ ಗೇಣನ್ನು ಲೀಟರಿಗೆ ತಿರುಗಿಸುವುದು ನಾವು ಅಂದುಕೊಂಡಷ್ಟು ಕಷ್ಟವಲ್ಲ.

ಇಟಲಿಯ ಪಡುವಾದಲ್ಲಿದ್ದ ಗಣಿತಜ್ಞ ಜೊವಾನ್ನಿ ಪೊಲೇನಿ 1717ರಲ್ಲೇ ಇದರ ದಾರಿ ತೋರಿಸಿದರು. ಕೋಡಿಯ ಮೇಲೆ ನೀರಿನ ಎತ್ತರ ಹೆಚ್ಚಿದಾಗ ಎರಡು ಸಂಗತಿಗಳು ಒಟ್ಟಿಗೆ ನಡೆಯುತ್ತವೆ. ಹರಿಯುವ ನೀರಿನ ದಪ್ಪ ಹೆಚ್ಚುತ್ತದೆ. ಎತ್ತರದ ವರ್ಗಮೂಲಕ್ಕೆ ತಕ್ಕಂತೆ ವೇಗವೂ ಏರುತ್ತದೆ. ಹಾಗಾಗಿ ಎತ್ತರವನ್ನು ಅದರದೇ ವರ್ಗಮೂಲದಿಂದ ಗುಣಿಸಿ, ಬಂದದ್ದನ್ನು ಕೋಡಿಯ ಉದ್ದದಿಂದ, ಮತ್ತೆ 1.7ರಿಂದ ಗುಣಿಸಬೇಕು. ಅಳತೆಗಳೆಲ್ಲ ಮೀಟರಿನಲ್ಲಿದ್ದರೆ ಉತ್ತರ ಸೆಕೆಂಡಿಗೆ ಇಷ್ಟು ಘನಮೀಟರ್ ಎಂದು ಸಿಗುತ್ತದೆ; ಒಂದು ಘನಮೀಟರ್ ಎಂದರೆ ಸಾವಿರ ಲೀಟರ್. ನಮ್ಮ ಕೆರೆಗಳ ಅಗಲವಾದ ಕಲ್ಲುಕೋಡಿಗೆ ಈ 1.7 ಸುಮಾರಾಗಿ ಹೊಂದುತ್ತದೆ. ಕಲ್ಲು ಒರಟಾಗಿದ್ದರೆ ಸ್ವಲ್ಪ ಇಳಿಸಿಕೊಳ್ಳಬೇಕು.

ಇಪ್ಪತ್ತು ಮೀಟರ್ ಉದ್ದದ ಕೋಡಿ ಇದೆ ಎಂದುಕೊಳ್ಳಿ. ನೀರು 10 ಸೆಂಟಿಮೀಟರ್ ಎತ್ತರ ನಿಂತಿದ್ದರೆ ಸೆಕೆಂಡಿಗೆ ಸಾವಿರ ಲೀಟರಿಗೆ ತುಸು ಹೆಚ್ಚು ಹೋಗುತ್ತದೆ, ಅಂದರೆ ಸುಮಾರು 38 ಕ್ಯುಸೆಕ್. ಎತ್ತರ 20 ಸೆಂಟಿಮೀಟರಿಗೆ ಏರಿದರೆ, ಗೇಣಿಗೆ ಸ್ವಲ್ಪವೇ ಕಡಿಮೆ, ಮೂರು ಸಾವಿರ ಲೀಟರ್. ಎತ್ತರ ಎರಡರಷ್ಟು, ನೀರು ಹೆಚ್ಚುಕಡಿಮೆ ಮೂರರಷ್ಟು. ಕೆಳಗಿನ ಕೆರೆಯವರಿಗೆ ಈ ವ್ಯತ್ಯಾಸ ತಿಳಿದಿರಲೇಬೇಕು.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ, ಅದನ್ನು ಹೇಳಲೆಂದೇ ನಾನು ಇಂದು ಬಂದಿದ್ದೇನೆ. ಅಳೆಯುವವರು ಕೋಡಿಕಲ್ಲಿನ ಮೇಲೆಯೇ ಪಟ್ಟಿ ಇಡುತ್ತಾರೆ. ಆದರೆ ನೀರು ಕಲ್ಲಿನ ಮೇಲೆ ಬರುವಷ್ಟರಲ್ಲಿ ವೇಗ ಪಡೆದು ತೆಳುವಾಗಿರುತ್ತದೆ. ಕೆರೆಯೊಳಗಿನ ಎತ್ತರದ ಮೂರನೆಯ ಎರಡು ಭಾಗ ಮಾತ್ರ ಅಲ್ಲಿ ಉಳಿದಿರುತ್ತದೆ. ಅದನ್ನೇ ಲೆಕ್ಕಕ್ಕೆ ಹಿಡಿದರೆ ನಿಜವಾದ ಹರಿವಿನಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ ಕಾಣುತ್ತದೆ. ಎತ್ತರವನ್ನು ಕೆರೆಯ ಒಳಬದಿಯಲ್ಲಿ, ನೀರು ಇನ್ನೂ ಬಾಗದ ಜಾಗದಲ್ಲಿ, ಆ ಎತ್ತರದ ಮೂರು ನಾಲ್ಕು ಪಟ್ಟು ಹಿಂದಕ್ಕೆ ಅಳೆಯಬೇಕು. ಕೋಡಿಯ ತಲೆಮಟ್ಟಕ್ಕೆ ಸೊನ್ನೆ ಬರುವಂತೆ ಅಲ್ಲೊಂದು ಕಲ್ಲು ನೆಟ್ಟು, ಸೆಂಟಿಮೀಟರ್ ಗೆರೆಗಳನ್ನು ಬಣ್ಣದಲ್ಲಿ ಎಳೆದರೆ ಸಾಕು. ಇದನ್ನು ಮಳೆಗಾಲಕ್ಕೆ ಮೊದಲೇ ಮಾಡಬೇಕು. ಕೋಡಿ ಹರಿಯುವಾಗ ನೀರಿಗಿಳಿಯಬಾರದು.

ಇದೇ ಲೆಕ್ಕ ಇನ್ನೊಂದನ್ನೂ ಹೇಳುತ್ತದೆ. ಅದೇ ಇಪ್ಪತ್ತು ಮೀಟರ್ ಕೋಡಿಯಲ್ಲಿ ದೊಡ್ಡ ಮಳೆಗೆ 40 ಸೆಂಟಿಮೀಟರ್ ನೀರು ಹೋಗಬೇಕಿತ್ತು ಎನ್ನೋಣ. ಅರ್ಧ ಕೋಡಿಯನ್ನು ಮಣ್ಣು, ಜೊಂಡು, ಒತ್ತುವರಿ ಮುಚ್ಚಿದೆ. ಬರುವ ನೀರು ಕಡಿಮೆಯಾಗಿಲ್ಲ. ಉಳಿದ ಹತ್ತು ಮೀಟರಿನಲ್ಲೇ ಅಷ್ಟೂ ದಾಟಬೇಕಾದರೆ ಎತ್ತರ ಸುಮಾರು 63 ಸೆಂಟಿಮೀಟರಿಗೆ ಏರಬೇಕು. ಆ ಹೆಚ್ಚಿನ 23 ಸೆಂಟಿಮೀಟರ್ ನೀರು ನಿಲ್ಲುವುದು ಏರಿಯ ಮೈಗೆ ಒರಗಿ.

ನಮಸ್ಕಾರ.