ಕೂಡ್ಲಿ: ಊರಿನ ಹೆಸರಲ್ಲೇ ಹೊಳೆ ಇದೆ

ಈಗ ನೀವು ನೋಡ್ತಿರೋದು ಕೂಡ್ಲಿ, ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್, ಚಿಕ್ಕ ಊರು, ಮಠ, ಹಳೇ ಕಲ್ಲಿನ ದೇವಸ್ಥಾನ, ಗದ್ದೆ, ತೋಟ, ಮೆಟ್ಟಿಲು ಇಳಿದ್ರೆ ನೀರು. ಮೊದಲನೇ ಸಲ ಬಂದಾಗ ದೇವಸ್ಥಾನ ನೋಡ್ಕೊಂಡು ಹಂಗೇ ವಾಪಸ್ ಹೋಗಿದ್ದೆ. ಈ ಸಲ ಮೆಟ್ಟಿಲ ಮೇಲೆ ಕೂತಿದ್ದ ಅಜ್ಜ ಒಬ್ರನ್ನ "ಅಜ್ಜ, ಸಂಗಮ ಯಾವ ಕಡೆ?" ಅಂತ ಕೇಳ್ದೆ. ಅವ್ರು ಕೈ ತೋರಿಸಿ "ಅಲ್ಲೇ ನೋಡಪ್ಪ, ಸಂಗಮ ಅಂದ್ರೂ ಅದೇ, ಕೂಡ್ಲಿ ಅಂದ್ರೂ ಅದೇ" ಅಂದ್ರು.

ಅಷ್ಟೇ ಮಾತು, ಆದ್ರೆ ಅದು ತಲೇಲಿ ಕೂತ್ಬಿಡ್ತು. ತುಂಗೆ, ಭದ್ರೆ ಎರಡು ಹೊಳೆ ಕೂಡೋ ಜಾಗ, ಅದಕ್ಕೆ ಕೂಡ್ಲಿ.

ಈ ತುಂಗೆ, ಭದ್ರೆ ಎರಡೂ ಹುಟ್ಟೋದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲೇ, ಆದ್ರೆ ಅಲ್ಲಿಂದ ದಾರಿ ಬೇರೆ, ತುಂಗೆ ಶೃಂಗೇರಿ, ತೀರ್ಥಹಳ್ಳಿ, ಶಿವಮೊಗ್ಗ ಅಂತ ಬರ್ತಾಳೆ, ಭದ್ರೆ ಕಳಸ, ಬಾಳೆಹೊನ್ನೂರು, ಆಮೇಲೆ ಲಕ್ಕವಳ್ಳಿ ಹತ್ರ ಡ್ಯಾಮು, ಭದ್ರಾವತಿ ಅಂತ ಸುತ್ತಾಕ್ಕೊಂಡು ಬರ್ತಾಳೆ, ಕೊನೆಗೆ ಇಬ್ರೂ ಸಿಗೋದು ಇಲ್ಲಿ. ಇಲ್ಲಿಂದ ಕೆಳಗೆ ತುಂಗೆ ಅಂತಾನೂ ಇಲ್ಲ ಭದ್ರೆ ಅಂತಾನೂ ಇಲ್ಲ, ತುಂಗಭದ್ರಾ, ಹಂಪಿ ಪಕ್ಕದಲ್ಲಿ ಹರಿಯೋದೂ ಇದೇ ನೀರು, ಮುಂದೆ ಹೋಗಿ ಕೃಷ್ಣೆಗೆ ಸೇರತ್ತೆ.

ಇದೊಂದು ಗೊತ್ತಾದ್ಮೇಲೆ ಬೇರೆ ಊರುಗಳೂ ಕಣ್ಣಿಗೆ ಬೀಳೋಕೆ ಶುರುವಾದ್ವು. ಕೊಡಗಲ್ಲಿ ಕುಶಾಲನಗರದ ಹತ್ರ ಕೂಡಿಗೆ ಇದೆ, ಅಲ್ಲಿ ಕಾವೇರಿಗೆ ಹಾರಂಗಿ ಸೇರತ್ತೆ. ಬಾಗಲಕೋಟೆ ಜಿಲ್ಲೇಲಿ ಕೂಡಲಸಂಗಮ, ಕೃಷ್ಣೆ ಮತ್ತೆ ಮಲಪ್ರಭೆ, ಬಸವಣ್ಣನವರ ಅಂಕಿತದಲ್ಲಿ ಬರೋ ಊರು, ಗಮನಿಸಿ ನೋಡಿ ಅಲ್ಲಿ ಕನ್ನಡದ ಕೂಡಲೂ ಇದೆ ಸಂಸ್ಕೃತದ ಸಂಗಮಾನೂ ಇದೆ, ಒಂದೇ ಅರ್ಥ ಎರಡು ಸಲ. ನಂಗೆ ಇದು ಎಷ್ಟು ಇಷ್ಟ ಆಯ್ತು ಅಂದ್ರೆ ಬೈಕ್ ಓಡಿಸ್ತಾ ಓಡಿಸ್ತಾ ಅದನ್ನೇ ಹೇಳ್ಕೊಂಡು ಬಂದೆ.

ಬೇಜಾರಾಗೋದು ಟಿ. ನರಸೀಪುರದ ವಿಷಯದಲ್ಲಿ. ಆ ಟಿ ಅಂದ್ರೆ ತಿರುಮಕೂಡಲು. ಕಾವೇರಿ ಕಪಿಲೆ ಕೂಡೋ ಜಾಗ. ಬಸ್ ಬೋರ್ಡಲ್ಲಿ ಜಾಗ ಉಳಿಸೋಕೆ ಒಂದಕ್ಷರ ಮಾಡ್ಬಿಟ್ರೆ ಅಲ್ಲಿ ಎರಡು ಹೊಳೆ ಸೇರತ್ತೆ ಅಂತ ಹೇಳ್ತಿದ್ದ ಭಾಗಾನೇ ಕಾಣದಂಗೆ ಆಗತ್ತೆ. ಉತ್ತರ ಕರ್ನಾಟಕದಲ್ಲಿ ಊರಿನ ಹೆಸರಾದ್ಮೇಲೆ ಬಿ.ಕೆ., ಕೆ.ಎಚ್. ಅಂತ ಬರ್ದಿರ್ತಾರಲ್ಲ, ಅದೂ ಹಂಗೇ, ಬುದ್ರುಕ ಅಂದ್ರೆ ದೊಡ್ಡೂರು, ಖುರ್ದ ಅಂದ್ರೆ ಚಿಕ್ಕೂರು. ನಿಮ್ಮೂರ ಹೆಸರಲ್ಲಿ ಇಂಥ ಒಂದಕ್ಷರ ಇದ್ರೆ ಮನೇಲಿರೋ ಹಿರಿಯರನ್ನ ಒಂದ್ಸಲ ಕೇಳಿ, ಪೂರ್ತಿ ಹೆಸರು ಕಮೆಂಟಲ್ಲಿ ಹಾಕಿ, ದಯವಿಟ್ಟು.

ಈಗ ಕ್ಯಾಮೆರಾನ ನೀರಿನ ಕಡೆ ತಿರುಗಿಸ್ತೀನಿ. ಒಂದು ಕಡೆಯಿಂದ ಬರ್ತಿರೋದು ತುಂಗೆ, ಇನ್ನೊಂದು ಕಡೆ ಭದ್ರೆ. ಒಂದ್ನಿಮಿಷ ನಾನು ಮಾತಾಡಲ್ಲ, ಸೌಂಡ್ ಕೇಳಿ.